ಹುರಿದ ಹೆಸರುಬೇಳೆ ಪ್ಯಾಕೆಟ್: ಹದಿನಾಲ್ಕು ತಿಂಗಳು ತಿಂದ ಮೇಲೆ

ಪಾಲಿಬೆಟ್ಟದ ಕಡೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಕೆಲಸ ನನ್ನದು. ಕುಯ್ಲಿನ ದಿನಗಳಲ್ಲಿ ಕಣ ಬಿಟ್ಟು ಕದಲುವ ಹಾಗಿಲ್ಲ, ಊಟಕ್ಕೆ ಹೊತ್ತುಗೊತ್ತಿಲ್ಲ. ಹೊಟ್ಟೆಯೋ ಸೂಕ್ಷ್ಮ. ಡಾಕ್ಟರು ಐಬಿಎಸ್, ಅಂದರೆ ಕರುಳು ಬೇಗ ಕೆರಳುವ ತೊಂದರೆ, ಎಂದು ಹೇಳಿ ಆರು ವರ್ಷವಾಯಿತು. ಕಡಲೆ, ಬಟಾಣಿ, ಅಲಸಂದೆ, ಯಾವುದು ತಿಂದರೂ ಸಂಜೆಗೆ ಹೊಟ್ಟೆ ತಮಟೆ. ಹಾಗಾಗಿ ಗೋಣಿಕೊಪ್ಪದ ಅಂಗಡಿಯಲ್ಲಿ ಈ ಪ್ಯಾಕೆಟ್ ಕೊಂಡದ್ದು ಅರೆಮನಸ್ಸಿನಿಂದಲೇ.

ಬರೀ ಉಪ್ಪಿನದು, ಮಸಾಲೆಯದು ಎಂದು ಎರಡು ಬಗೆ ಬರುತ್ತದೆ. ಉಪ್ಪಿನದು ನನಗೆ ಒಗ್ಗಿತು. ಬೇಳೆ ನೆನೆಸಿ, ನೀರು ಬಸಿದು, ಆಮೇಲೆ ಹುರಿದದ್ದು ಎಂದು ಹಿಂಬದಿಯಲ್ಲಿ ಬರೆದಿದ್ದಾರೆ. ಅದರಲ್ಲಿ ಅರ್ಥವಿದೆ. ಬೇಳೆಕಾಳಿನ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತವೆ. ನೆನೆಸಿದರೆ ಒಂದಷ್ಟು ನೀರಿಗೆ ಬಿಟ್ಟುಕೊಳ್ಳುತ್ತವೆ. ಅಮ್ಮ ಕಾಳು ನೆನೆಸಿದ ನೀರನ್ನು ಹಿತ್ತಲಿಗೆ ಚೆಲ್ಲುತ್ತಿದ್ದಾಗ, ಸತ್ವವೆಲ್ಲ ಹೋಯಿತಲ್ಲ ಎಂದು ನಾನೇ ಆಡಿಕೊಂಡಿದ್ದೆ.

ಮಸಾಲೆಯದು ಮಾತ್ರ ಆಗಲೇ ಇಲ್ಲ. ಮೂರು ಸಲ ತಿಂದೆ, ಮೂರು ಸಲವೂ ರಾತ್ರಿ ನಿದ್ದೆಯಿಲ್ಲ. ಬೇಳೆಗೇ ಬೈದೆ. ಕೊನೆಗೊಂದು ದಿನ ಕನ್ನಡಕ ಏರಿಸಿ ಸಣ್ಣಕ್ಷರ ಓದಿದರೆ ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಚಿಕೋರಿ ಬೇರಿನ ನಾರು! ಮುಂಬದಿಯಲ್ಲಿ ದಪ್ಪಕ್ಷರದ ‘ನಾರಿನಂಶ ಹೆಚ್ಚು’ ಬಂದದ್ದು ಈ ಕೊನೆಯದರ ದೆಸೆಯಿಂದ. ಚಿಕೋರಿಯಲ್ಲಿರುವುದು ಇನುಲಿನ್ ಎಂಬ ನಾರು. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಫ್ರಕ್ಟಾನ್ ಎಂಬ ನಾರು ಕೂಡ ಅದೇ ಕುಲದ್ದು, ಅದೂ ಜೀರ್ಣವಾಗದೆ ದೊಡ್ಡ ಕರುಳಿಗೇ ಹೋಗುವಂಥದ್ದು. ಕಾಫಿಪುಡಿಯಲ್ಲಿ ಚಿಕೋರಿ ಕಂಡರೆ ಮುಖ ಸಿಂಡರಿಸುವ ಕೊಡಗಿನವನು ನಾನು, ಬೇಳೆ ಪ್ಯಾಕೆಟ್ಟಿನಲ್ಲಿ ಕಾಸು ಕೊಟ್ಟು ತಿಂದಿದ್ದೇನೆ.

ಉಪ್ಪಿನದಕ್ಕೂ ಲೆಕ್ಕ ಬೇಕು. ಒಂದು ಹೊತ್ತಿಗೆ ಒಂದು ಹಿಡಿ, ಅದೂ ಜಗಿದು. ವಿರಾಜಪೇಟೆಯಿಂದ ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ನೋಡುತ್ತಾ 150 ಗ್ರಾಂ ಪೂರ್ತಿ ಮುಗಿಸಿದ್ದೆ. ಮುಂದಿನದನ್ನು ಬರೆಯುವುದು ಬೇಡ.

ದೂರು ಎಂದರೆ ಪ್ಯಾಕೆಟ್ಟಿನ ಜಿಪ್. ಬೇಸಿಗೆಯಲ್ಲಿ ಸರಿ, ಜುಲೈ ಮಳೆಗೆ ಅದು ಲೆಕ್ಕಕ್ಕಿಲ್ಲ. ರಾತ್ರಿ ಮುಚ್ಚಿಟ್ಟದ್ದು ಬೆಳಿಗ್ಗೆ ಹಲ್ಲಿಗೆ ಅಂಟುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ನಿಮಿಷ ಆಡಿಸಿದರೆ ಗರಿಗರಿ ಮರಳುತ್ತದೆ. ಈಗ ತಂದ ಕೂಡಲೇ ಗಾಜಿನ ಬಾಟಲಿಗೆ ಸುರಿದು ಒಲೆ ಪಕ್ಕ ಇಡುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ, ಉಪ್ಪಿನದಕ್ಕೆ ಮಾತ್ರ. ಆದರೆ ಅದು ಸಿಗುವುದೇ ಕಷ್ಟ. ಹೋದ ವಾರ ಕೇಳಿದರೆ ಅಂಗಡಿಯವರು, “ಅದು ಯಾರೂ ತಗೊಳ್ಳಲ್ಲ ಸಾರ್, ಮಸಾಲೆದೇ ಓಡೋದು” ಅಂದರು. ಮೂಲೆಯಲ್ಲಿ ಧೂಳು ಹಿಡಿದಿದ್ದ ನಾಲ್ಕನ್ನೂ ಕಟ್ಟಿಸಿಕೊಂಡು ಬಂದೆ.