ಬಿಲ್ಲಿನಲ್ಲಿ ಕಾಣದ ಸೇವೆ: ಆಸ್ಪತ್ರೆಯ ಆಪ್ತಸಮಾಲೋಚನೆ

ಫೆಬ್ರವರಿಯಲ್ಲಿ ಮೆಣಸು ಕೊಯ್ಯುವಾಗ ನಮ್ಮ ಯಜಮಾನರು ಸಿಲ್ವರ್ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. 19 ದಿನ ಅಲ್ಲಿದ್ದೆವು. ಡಾಕ್ಟರು, ರೂಮು, ಕ್ಯಾಂಟೀನಿನ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಬರೆಯುತ್ತಿರುವುದು ಅಲ್ಲಿನ ಆಪ್ತಸಮಾಲೋಚನೆಯ ಬಗ್ಗೆ.

ಮೊದಲು ಕೊರತೆ ಹೇಳಿಬಿಡುತ್ತೇನೆ. ಇಂಥದ್ದೊಂದು ಇದೆ ಅಂತ ನಮಗೆ ಗೊತ್ತಾಗಿದ್ದೇ ಒಂಬತ್ತನೇ ದಿನ. 'ಚಾಪ್ಲಿನ್' ಅಂತ ಇಂಗ್ಲಿಷಿನಲ್ಲಿ ಮಾತ್ರ ಬೋರ್ಡು. ಹಾಗಂದರೆ ರೋಗಿಗಳ, ಮನೆಯವರ ಜೊತೆ ಕೂತು ಮನಸ್ಸಿನ ಆರೈಕೆ ನೋಡುವ ಧರ್ಮಸೇವಕರು. ಯಾವುದೋ ಡಾಕ್ಟರ ರೂಮಿರಬೇಕು ಅಂದುಕೊಂಡಿದ್ದೆವು. ಅಂಥವರು ಇಡೀ ಆಸ್ಪತ್ರೆಗೆ ಇಬ್ಬರೇ.

ಬಂದವರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮತದ ಮಾತು ತೆಗೆದಾರೋ ಅಂತ ನಮ್ಮತ್ತೆಗೆ ಭಯ. ನೇರವಾಗಿಯೇ ಕೇಳಿದರು. "ಇಲ್ಲಮ್ಮ, ನೀವಾಗಿ ಕೇಳದೆ ನಾನು ಪ್ರಾರ್ಥನೆಯನ್ನೂ ಮಾಡುವುದಿಲ್ಲ" ಅಂದರು. ಹಾಗೇ ನಡೆದುಕೊಂಡರು.

ಐದು ದಿನದಿಂದ ಯಾರ ಹತ್ತಿರವೂ ಮಾತಾಡದೆ ಗೋಡೆ ಕಡೆ ಮುಖ ಮಾಡಿದ್ದ ಯಜಮಾನರ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. 'ಧೈರ್ಯವಾಗಿರಿ' ಅನ್ನಲಿಲ್ಲ. ಎಷ್ಟೋ ಹೊತ್ತಿನ ಮೇಲೆ, "ಮರ ಎಷ್ಟು ಎತ್ತರ ಇತ್ತು ಅಣ್ಣ?" ಅಂತ ಕೇಳಿದರು. ಇವರು ಬಾಯಿಬಿಟ್ಟರು. ಒಂಟಿ ಬಿದಿರಿನ ಏಣಿ, ಬೆಳಗಿನ ಮಂಜು, ಎಲ್ಲ ಹೇಳಿದರು. ಆಮೇಲೆ ಅವರು ನನ್ನ ಕಡೆ ತಿರುಗಿ, "ಏಣಿ ಹಿಡಿದಿದ್ದವರು ಯಾರಕ್ಕ?" ಅಂದರು.

ಹಿಡಿದಿದ್ದವಳು ನಾನು. ಚೆಲ್ಲಿದ ಮೆಣಸಿನ ಕದಿರು ಆರಿಸೋಣ ಅಂತ ಒಂದು ಗಳಿಗೆ ಕೈ ಬಿಟ್ಟಿದ್ದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ವರಾಂಡದಲ್ಲಿ ಅವರಿಗೆ ಹೇಳಿದೆ. 'ನಿಮ್ಮ ತಪ್ಪಲ್ಲ ಬಿಡಿ' ಅಂತ ಅವರು ಮುಗಿಸಿಬಿಡಲಿಲ್ಲ. "ಅಣ್ಣನಿಗೆ ಇದನ್ನು ಹೇಳಬೇಕು ಅನ್ನಿಸಿದೆಯಾ?" ಅಂದರು, ಅಷ್ಟೆ.

ಇದನ್ನೆಲ್ಲ ಎಲ್ಲಿ ಕಲಿತಿರಿ ಅಂತ ಆಮೇಲೊಂದು ದಿನ ಕೇಳಿದೆ. ಓದಿದ್ದು ಮಂಗಳೂರಿನ ಬಲ್ಮಠದಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಕಲಿಸುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಂತೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನವರು 1847ರಲ್ಲಿ ಶುರುಮಾಡಿದ ಪಾಠಶಾಲೆಯ ಪರಂಪರೆಯದು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿದ್ದೂ ಮಂಗಳೂರಿನ ಅದೇ ಮಿಶನ್ನಿನ ಪ್ರೆಸ್ಸು. ದುಃಖದ ಮಾತನ್ನು ಇಷ್ಟು ಸಲೀಸಾಗಿ ಕನ್ನಡದಲ್ಲಿ ಆಡುವವರು ಅಲ್ಲಿಂದ ಬಂದವರು ಅಂತ ತಿಳಿದು ನನಗೆ ಬಹಳ ಸಂತೋಷವಾಯಿತು. ಆಮೇಲೆ ಆಸ್ಪತ್ರೆಯಲ್ಲೇ ತರಬೇತಿ. ರೋಗಿಯ ಜೊತೆ ಆಡಿದ ಮಾತನ್ನು ಹೆಸರು ಮರೆಮಾಡಿ, ನಡುವಿನ ಮೌನವನ್ನೂ ಬಿಡದೆ ಬರೆದು ಗುರುಗಳ ಮುಂದೆ ಓದಬೇಕು. 'ಇಲ್ಲಿ ಯಾಕೆ ಅವಸರಪಟ್ಟು ಸಮಾಧಾನ ಹೇಳಿದೆ?' ಅಂತ ಅವರು ಕೇಳುತ್ತಾರಂತೆ. ಈ ಬಗೆಯ ತರಬೇತಿಗೆ ಅಮೆರಿಕದ ವುಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ 1925ರಲ್ಲಿ ದಾರಿ ಹಾಕಿದ ಆಂಟನ್ ಬಾಯ್ಸನ್ ಎಂಬ ಪಾದ್ರಿ, ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಇದ್ದು ಬಂದವರು. ನಮ್ಮ ಹತ್ತಿರ ಬಂದ ಈ ಹೆಣ್ಣುಮಗಳ ಜೊತೆ ಓದಿದವರಲ್ಲಿ ಒಬ್ಬರು ಈಗ ಕುಡಿತ ಬಿಡಿಸುವ ಕೇಂದ್ರದಲ್ಲಿ, ಇನ್ನೊಬ್ಬರು ಜೈಲಿನ ಕೈದಿಗಳ ನಡುವೆ ಕೆಲಸ ಮಾಡುತ್ತಿದ್ದಾರಂತೆ. ಪೇಪರಿನಲ್ಲಿ ಬರುವ ಸಾಧನೆಗಳಲ್ಲ ಇವು. ನನ್ನ ಪಾಲಿಗೆ ಇದಕ್ಕಿಂತ ದೊಡ್ಡದು ಇಲ್ಲ.

ದುಡ್ಡು ತೆಗೆದುಕೊಳ್ಳಲಿಲ್ಲ. ಡಿಸ್ಚಾರ್ಜ್ ದಿನ ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಬರೆದುಕೊಟ್ಟರು. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಪುಕ್ಕಟೆ. ಮಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಹೋಗುವ ಮಲೆನಾಡಿನವರು ಒಂಬತ್ತು ದಿನ ಕಾಯಬೇಡಿ, ಮೊದಲನೇ ದಿನವೇ ನರ್ಸನ್ನು ಕೇಳಿ.

ಏಣಿಯಿಂದ ಕೈ ಬಿಟ್ಟಿದ್ದನ್ನು ಅವತ್ತು ರಾತ್ರಿ ಯಜಮಾನರಿಗೆ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು, "ಸೊಂಟಕ್ಕೆ ಹಗ್ಗ ಕಟ್ಟದೆ ಹತ್ತಿದ್ದು ನಾನಲ್ವಾ" ಅಂದರು.