ಕೋವಿಡ್ ಬಂದು ಹೋದ ಮೇಲೆ ಕಾಲಿನ ಊತಕ್ಕೆ ಕಂಪ್ರೆಷನ್ ಸ್ಟಾಕಿಂಗ್ಸ್: ವರ್ಷದ ಮೇಲೆ ಬಳಸಿದ ಅನುಭವ

ಮಂಡಿಯ ಕೆಳಗಿನವರೆಗೆ ಬರುವ ಕ್ಲಾಸ್ 2 ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಉದ್ದ ಸಾಕ್ಸ್, ಹಾಕಲು ಶುರು ಮಾಡಿ ವರ್ಷ ದಾಟಿದೆ. ಸಂಜೆ ಹೊತ್ತಿಗೆ ಕಾಲು ಭಾರವಾಗುವುದು, ಪಾದ ಊದಿಕೊಳ್ಳುವುದು ಎರಡೂ ತುಂಬಾ ಕಡಿಮೆಯಾಗಿವೆ. ಚರ್ಮದ ಕೆಳಗೆ ಉಬ್ಬಿ ಕಾಣುವ ನರಗಳು, ಅಂದರೆ ರಕ್ತನಾಳಗಳು, ಮಾತ್ರ ಇದ್ದ ಹಾಗೇ ಇವೆ. ಅವು ಹೋಗುತ್ತವೆ ಅಂದುಕೊಂಡು ಯಾರೂ ಇದನ್ನು ಕೊಳ್ಳಬೇಡಿ.

ಕೋವಿಡ್ ಬರುವ ಮೊದಲೂ ನನ್ನ ಎಡಗಾಲಲ್ಲಿ ನರ ಸ್ವಲ್ಪ ಉಬ್ಬಿತ್ತು, ತೊಂದರೆ ಇರಲಿಲ್ಲ. ಜ್ವರ ಬಿಟ್ಟು ಓಡಾಡಲು ಶುರು ಮಾಡಿದ ಮೇಲೆ ಕಾಲು ಊದತೊಡಗಿತು. ಸಂಜೆ ಸಾಕ್ಸ್ ತೆಗೆದರೆ ಅದರ ಪಟ್ಟಿಯ ಗುರುತು ಆಳವಾಗಿ ಕೂತಿರುತ್ತಿತ್ತು. ಹರಡಿನ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು, ತುಂಬಲು ಹೊತ್ತಾಗುತ್ತಿತ್ತು.

ಡಾಕ್ಟರ್ ಮೊದಲು ಡಾಪ್ಲರ್ ಸ್ಕ್ಯಾನ್ ಮಾಡಿಸಿದರು, ಕಾಲಿನ ರಕ್ತನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ, ಹೆಪ್ಪು ಇದೆಯೇ ಎಂದು ನೋಡುವ ಸ್ಕ್ಯಾನ್ ಅದು. ಕೋವಿಡ್ ಬಂದಾಗ ರಕ್ತನಾಳದ ಒಳಪದರ ಕೆರಳುತ್ತದೆ, ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಜೊತೆಗೆ ಮಲಗಿಯೇ ಇದ್ದರೆ ಮೀನಖಂಡಕ್ಕೆ ಕೆಲಸವೇ ಇರುವುದಿಲ್ಲ. ನಿಂತಾಗ, ನಡೆವಾಗ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಅದೇ ಅಲ್ವಾ? ನನ್ನ ಕಾಲಲ್ಲಿ ಹೆಪ್ಪು ಇರಲಿಲ್ಲ. ರಕ್ತ ಕೆಳಗೆ ಜಾರದಂತೆ ತಡೆಯುವ ಕವಾಟಗಳು ಸರಿಯಾಗಿ ಮುಚ್ಚುತ್ತಿರಲಿಲ್ಲ. ಪಾದದ ನಾಡಿಯನ್ನೂ ಮುಟ್ಟಿ ನೋಡಿ, ಆಮೇಲೆ ಸ್ಟಾಕಿಂಗ್ಸ್ ಬರೆದುಕೊಟ್ಟರು.

ಈ ತಪಾಸಣೆ ಬಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ನೋವು, ಬಿಸಿ, ಕೆಂಪು ಕಂಡರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ ನೇರ ಎಮರ್ಜೆನ್ಸಿಗೆ. ಕಾಲಿಗೆ ರಕ್ತ ಕೊಂಡೊಯ್ಯುವ ಅಪಧಮನಿ ಕಿರಿದಾಗಿರುವವರಿಗೆ ಬಿಗಿ ಸ್ಟಾಕಿಂಗ್ಸ್ ಅಪಾಯವನ್ನೇ ಮಾಡಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೂ ಕೇಳದೆ ಹಾಕಬಾರದು.

ಕ್ಲಾಸ್ 2 ಅಂದರೆ ಜರ್ಮನ್ ಲೆಕ್ಕದಲ್ಲಿ ಹರಡಿನ ಬಳಿ 23ರಿಂದ 32 ಮಿಲಿಮೀಟರ್ ಪಾದರಸದಷ್ಟು ಒತ್ತಡ. ಮೇಲೆ ಹೋದಂತೆ ಬಿಗಿ ಸಡಿಲವಾಗುತ್ತದೆ, ಗುಟ್ಟಿರುವುದೇ ಅಲ್ಲಿ. ಕೆಳಗೆ ಹೆಚ್ಚು, ಮೇಲೆ ಕಡಿಮೆ ಇದ್ದರೆ ರಕ್ತ ಮೇಲಕ್ಕೆ ಸರಾಗವಾಗಿ ಹೋಗುತ್ತದೆ. ಉದ್ದ ಜಾಸ್ತಿ ಆಯಿತೆಂದು ಮೇಲಿನ ಅಂಚನ್ನು ಮಡಚಿದರೆ ಬಿಗಿ ತಲೆಕೆಳಗಾಗಿ ಮಂಡಿಯ ಕೆಳಗೆ ಹಗ್ಗ ಕಟ್ಟಿದಂತಾಗುತ್ತದೆ.

ಹಾಗಾಗಿ ಚಪ್ಪಲಿ ನಂಬರ್ ನೋಡಿ ಅಂದಾಜಿನ ಮೇಲೆ ಕೊಳ್ಳಬೇಡಿ. ಬೆಳಿಗ್ಗೆ ಎದ್ದ ಕೂಡಲೇ, ಊತ ಏರುವ ಮೊದಲೇ ಟೇಪು ಹಿಡಿಯಿರಿ. ಹರಡಿನ ಮೇಲೆ ಕಾಲು ತೀರಾ ಸಣ್ಣಗಿರುವ ಜಾಗದ ಸುತ್ತಳತೆ, ಮೀನಖಂಡದ ದಪ್ಪ ಜಾಗದ ಸುತ್ತಳತೆ, ನೆಲದಿಂದ ಮಂಡಿಯ ಮಡಿಕೆಯವರೆಗಿನ ಉದ್ದ, ಇಷ್ಟು ಬೇಕು. ಎರಡೂ ಕಾಲು ಅಳೆಯಿರಿ, ಒಂದೇ ಅಳತೆ ಇರಬೇಕೆಂದೇನಿಲ್ಲ.

ಹಾಕಿಕೊಳ್ಳುವುದೇ ದೊಡ್ಡ ಕೆಲಸ. ಸಾದಾ ಸಾಕ್ಸ್ ಥರ ಮುದುರಿಸಿ ಎಳೆದರೆ ಬರುವುದಿಲ್ಲ. ಕೈ ಒಳಗೆ ಹಾಕಿ ಹಿಮ್ಮಡಿಯ ಭಾಗ ಹಿಡಿದು, ಅಲ್ಲಿಯವರೆಗೆ ಒಳಹೊರಗು ಮಾಡಬೇಕು. ಮೊದಲು ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಮೇಲೆ ಸರಿಸಬೇಕು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಚೆನ್ನಾಗಿ ಸಿಗುತ್ತದೆ, ಉಗುರು ತಾಗಿ ಬಟ್ಟೆ ಹರಿಯುವುದೂ ತಪ್ಪುತ್ತದೆ. ಅಂಗೈಯಿಂದ ಮೇಲಕ್ಕೆ ಸವರುತ್ತಾ ಒಂದೂ ಸುಕ್ಕು ಉಳಿಯದಂತೆ ನೋಡಿಕೊಳ್ಳಿ. ಸುಕ್ಕು ಉಳಿದ ಕಡೆ ಚರ್ಮ ಉಜ್ಜಿ ಹುಣ್ಣಾಗಬಹುದು. ಬೆನ್ನು ಬಗ್ಗದವರಿಗೆ, ಕೈಬೆರಳಲ್ಲಿ ಸಂಧಿವಾತ ಇರುವವರಿಗೆ ಇನ್ನೊಬ್ಬರ ಸಹಾಯ ಬೇಕೇ ಬೇಕು. ತಯಾರಕರು ಇದನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯಬೇಕು.

ಸೆಖೆಯ ದಿನಗಳಲ್ಲಿ ಬೆವರು, ತುರಿಕೆ ಇದ್ದದ್ದೇ. ರಾತ್ರಿ ತೆಗೆದ ಮೇಲೆ ಕಾಲಿಗೆ ಮಾಯಿಶ್ಚರೈಸರ್ ಹಚ್ಚಿದರೆ ಎಷ್ಟೋ ಹಾಯಾಗುತ್ತದೆ.

ಸ್ಟಾಕಿಂಗ್ಸ್ ಹಾಕಿ ಸುಮ್ನೆ ಕೂತರೆ ಪೂರ್ತಿ ಲಾಭ ಸಿಗುವುದಿಲ್ಲ. ಇವು ಚೆನ್ನಾಗಿ ಕೆಲಸ ಮಾಡುವುದು ಮೀನಖಂಡ ಆಡುವಾಗ. ನಡೆದ ದಿನದ ಸಂಜೆಗೂ ಕುರ್ಚಿ ಬಿಟ್ಟೇಳದ ದಿನದ ಸಂಜೆಗೂ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಏಳಲು ಆಗದಾಗ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತೇನೆ.

ಒಗೆಯಲು ಮೆದು ಸೋಪು, ನೆರಳಲ್ಲಿ ಒಣಗಿಸುವುದು, ಹಿಂಡಬಾರದು, ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ. ಎಷ್ಟು ಜೋಪಾನ ಮಾಡಿದರೂ ದಿನಾ ಹಾಕುವ ಜೋಡಿ ಸುಮಾರು 6 ತಿಂಗಳಿಗೆ ಬಿಗಿ ಕಳೆದುಕೊಳ್ಳುತ್ತದೆ. ಸಲೀಸಾಗಿ ಕಾಲಿಗೇರುತ್ತಿದೆ ಅಂದರೆ ಹೊಸದು ತರುವ ಹೊತ್ತು ಬಂತು ಅಂತಲೇ. ಮುಂದಿನ ಸಲ ನಾನು ಬೆರಳು ತೆರೆದಿರುವ ಮಾದರಿ ತೆಗೆದುಕೊಳ್ಳುತ್ತೇನೆ. ಈಗಿನದರಲ್ಲಿ ಕಿರುಬೆರಳು ಒತ್ತುತ್ತದೆ.