ಗ್ಲಿಸರಿಲ್ ಬೆಹೆನೇಟ್: ಲಿಪಿಡ್ ಒಳ್ಳೆಯದೇ, ಒಂಟಿಯಾಗಿ ಬಳಸಬೇಡಿ

ಫಾರ್ಮುಲೇಶನ್ ಲ್ಯಾಬಿನಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಬಳಸುವ ಘನ ಲಿಪಿಡ್ (ಕೊಬ್ಬಿನ ಜಾತಿಯ ಪದಾರ್ಥ) ಗ್ಲಿಸರಿಲ್ ಬೆಹೆನೇಟ್. ಮಾತ್ರೆ ಮಾಡುವವರಿಗೆ ಇದು ಲೂಬ್ರಿಕಂಟ್, ಅಂದರೆ ಪುಡಿ ಯಂತ್ರಕ್ಕೆ ಅಂಟದಂತೆ ತಡೆಯುವ ಪದಾರ್ಥವಾಗಿ ಗೊತ್ತು. ನನಗೆ ಬೇಕಾಗುವುದು ನೀರಿಗೆ ಬಗ್ಗದ ಔಷಧಿಯನ್ನು ನ್ಯಾನೋಕಣದೊಳಗೆ ಕೂರಿಸಲು. ಸದ್ಯಕ್ಕೆ ಆ ಔಷಧಿ ಫೆನೋಫೈಬ್ರೇಟ್, ರಕ್ತದ ಕೊಬ್ಬು ಇಳಿಸುವಂಥದ್ದು.

ಫೆನೋಫೈಬ್ರೇಟ್‌ಗೆ ಕರುಳಿನ ಗೋಡೆ ದಾಟುವುದು ಕಷ್ಟವಲ್ಲ, ಕರಗುವುದೇ ಕಷ್ಟ. ಹಳೆಯ ಕ್ಯಾಪ್ಸೂಲ್‌ಗಳನ್ನು ಊಟದ ಜೊತೆ ನುಂಗಲು ಹೇಳುತ್ತಿದ್ದದ್ದು ಅದಕ್ಕೇ. ಊಟದ ಕೊಬ್ಬು, ಅದರ ಹಿಂದೆ ಬರುವ ಪಿತ್ತರಸ ಎರಡೂ ಸಿಕ್ಕರೆ ಔಷಧಿ ಚೆನ್ನಾಗಿ ಮೈಗೆ ಸೇರುತ್ತದೆ. ಲಿಪಿಡ್ ನ್ಯಾನೋಕಣ ಆ ಕೊಬ್ಬನ್ನು ಔಷಧಿಯ ಜೊತೆಯಲ್ಲೇ ಕಳಿಸುತ್ತದೆ, ಅಷ್ಟೆ. ಕರುಳಿನಲ್ಲಿ ಕೊಬ್ಬು ಒಡೆಯುವ ಕಿಣ್ವ ಲೈಪೇಸ್ ಈ ಲಿಪಿಡ್ ಒಡೆದಾಗ ಔಷಧಿ ಪಿತ್ತ ಲವಣಗಳ ಸಣ್ಣ ಗೊಂಚಲುಗಳಾದ ಮೈಸೆಲ್‌ಗಳಿಗೆ ಸೇರಿಕೊಳ್ಳುತ್ತದೆ.

ಬಳಸಲು ಸುಲಭ. ನಯವಾದ ಬಿಳಿ ಪುಡಿ, 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿ ತಿಳಿಯಾಗುತ್ತದೆ. ಆ ಬಿಸಿ ದ್ರವಕ್ಕೆ ಔಷಧಿಯನ್ನು ಚೂರುಚೂರೇ ಹಾಕಿ, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಮಂಕಾಯಿತೋ, ಅಲ್ಲಿಗೆ ನಿಲ್ಲಿಸಿ. ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಬಿಟ್ಟು ಆರಲು ಬಿಡಿ, ಆಮೇಲೆ ಮೈಕ್ರೋಸ್ಕೋಪಿನಲ್ಲಿ ಔಷಧಿಯ ಹರಳು ಕಾಣುತ್ತದಾ ನೋಡಿ; ಕಂಡರೆ ಔಷಧಿ ಲಿಪಿಡ್ ಒಳಗೆ ನಿಂತಿಲ್ಲ ಅಂತ. ಮುಂದಿನ ದಾರಿ ಈ ಕೆಲಸದವರಿಗೆ ಗೊತ್ತಿರುವುದೇ: ಎಣ್ಣೆಯನ್ನು ನೀರಿನಲ್ಲಿ ಬೆರೆಸಿಡುವ ಪೊಲೊಕ್ಸಾಮರ್ 188ರ ಅಷ್ಟೇ ಬಿಸಿ ದ್ರಾವಣಕ್ಕೆ ಇದನ್ನು ಸೇರಿಸಿ, ಸಣ್ಣ ಕಣಗಳಾಗಿ ಒಡೆಯುವ ಹೈ ಪ್ರೆಶರ್ ಹೋಮೋಜಿನೈಸರ್‌ನಲ್ಲಿ 500 ಬಾರ್ ಒತ್ತಡದಲ್ಲಿ ಹಾಯಿಸುವುದು. ಕೆಲಸ ಮುಗಿದ ಕೂಡಲೇ ಯಂತ್ರಕ್ಕೆ ಕುದಿಯುವಂಥ ಬಿಸಿ ನೀರು ಹಾಯಿಸಿ. ಆರಿದರೆ ಒಳಗೇ ಗಟ್ಟಿಯಾಗಿ ಕೂರುತ್ತದೆ, ಬಿಡಿಸುವುದು ಬಹಳ ಕಷ್ಟ.

ಇದನ್ನೇ ಯಾಕೆ ಆರಿಸುತ್ತೇನೆ ಅಂದರೆ, ಇದು ಶುದ್ಧ ಒಂದೇ ಪದಾರ್ಥ ಅಲ್ಲ. ಬೆಹೆನಿಕ್ ಆಮ್ಲದ ಮೊನೊ, ಡೈ, ಟ್ರೈ ಗ್ಲಿಸರೈಡ್‌ಗಳ ಬೆರಕೆ, ಅದರಲ್ಲಿ ಸುಮಾರು ಅರ್ಧ ಡೈ. ಬೆರಕೆ ಆದ್ದರಿಂದ ಹರಳು ಒಪ್ಪವಾಗಿ ಜೋಡಣೆಯಾಗುವುದಿಲ್ಲ, ಸಂದುಗಳು ಉಳಿಯುತ್ತವೆ. ಔಷಧಿ ಕೂರುವುದು ಅಲ್ಲೇ. ಟ್ರೈಸ್ಟಿಯರಿನ್ ಥರದ ಶುದ್ಧ ಲಿಪಿಡ್ ಅಚ್ಚುಕಟ್ಟಾಗಿ ಹರಳುಗಟ್ಟಿ ಔಷಧಿಯನ್ನು ಹೊರಗೆ ದಬ್ಬುತ್ತದೆ.

ಆದರೆ ಕಾಲ ಕಳೆದಂತೆ ಇದೂ ಒಪ್ಪವಾಗಲು ಹೊರಡುತ್ತದೆ. ಸಂದು ಕಿರಿದಾಗುತ್ತದೆ, ಔಷಧಿ ಆಚೆ ಬರುತ್ತದೆ. ಮೊದಲ ದಿನ ಕಣದೊಳಗೆ ಎಷ್ಟು ಪಾಲು ಔಷಧಿ ಕೂತಿದೆ ಎಂಬ ಎಂಟ್ರಾಪ್‌ಮೆಂಟ್ ಸಂಖ್ಯೆ ನೋಡಿ ತೀರ್ಮಾನ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಡಿಎಸ್‌ಸಿ ಗ್ರಾಫ್ (ಮಾದರಿಯನ್ನು ಬಿಸಿ ಮಾಡುತ್ತಾ ಯಾವುದು ಎಷ್ಟು ಡಿಗ್ರಿಗೆ ಕರಗುತ್ತದೆ ಎಂದು ತೋರಿಸುವುದು) ನಂಬುವುದೂ ಅಷ್ಟೇ. ಫೆನೋಫೈಬ್ರೇಟ್ ಕರಗುವುದು 80 ಡಿಗ್ರಿ ಹತ್ತಿರ. ಅಲ್ಲಿ ಔಷಧಿಯ ಪೀಕ್ ಕಾಣಲಿಲ್ಲ, ಹಾಗಾದರೆ ಹರಳೇ ಇಲ್ಲ ಅಂತ ಬರೆದುಬಿಡುತ್ತಾರೆ. ಆದರೆ ಬಿಸಿ ಅಲ್ಲಿಗೆ ಏರುವಷ್ಟರಲ್ಲಿ ಲಿಪಿಡ್ ಕರಗಿ ದ್ರವ ಆಗಿರುತ್ತದೆ, ಅಲ್ವಾ? ಹರಳು ಇದ್ದರೂ ಆ ದ್ರವದಲ್ಲೇ ಕರಗಿ ಹೋಗಿರಬಹುದು. ಅದಕ್ಕೆ ಹರಳನ್ನು ಪತ್ತೆ ಹಚ್ಚುವ ಎಕ್ಸ್-ರೇ ಡಿಫ್ರಾಕ್ಷನ್ ಕೂಡ ಮಾಡಿಸಿ. ಅದರಲ್ಲಿ ಮಾದರಿಯನ್ನು ಬಿಸಿ ಮಾಡುವ ಪ್ರಮೇಯವೇ ಇಲ್ಲ.

ನನ್ನ ಸಲಹೆ, ಇದಕ್ಕೆ ಸ್ವಲ್ಪ ದ್ರವ ಎಣ್ಣೆ ಸೇರಿಸಿ. ಮೀಡಿಯಂ ಚೈನ್ ಟ್ರೈಗ್ಲಿಸರೈಡ್ ಚೆನ್ನಾಗಿ ಹೊಂದುತ್ತದೆ. 1990ರ ದಶಕದ ಕೊನೆಗೆ ಬಂದ, ಘನ ಲಿಪಿಡ್‌ಗೆ ದ್ರವ ಎಣ್ಣೆ ಬೆರೆಸಿದ ಎನ್‌ಎಲ್‌ಸಿ ಕಣಗಳ ಉಪಾಯ ಇದೇ: ಎಣ್ಣೆ ನಡುವೆ ಸೇರಿ ಹರಳಿನ ಜೋಡಣೆ ಕೆಡಿಸುತ್ತದೆ, ಔಷಧಿಗೆ ಜಾಗ ಉಳಿಯುತ್ತದೆ. ಎಣ್ಣೆ ಅತಿಯಾದರೆ ಕಣ ಮೆತ್ತಗಾಗುತ್ತದೆ, ಆದ್ದರಿಂದ ಬೇರೆ ಬೇರೆ ಅಳತೆಯಲ್ಲಿ ಮಾಡಿಟ್ಟು ತಿಂಗಳುಗಟ್ಟಲೆ ಗಮನಿಸಿ. ಪೆಪ್ಟೈಡ್‌ನಂಥ ಬಿಸಿ ತಡೆಯದ ಔಷಧಿಗೆ ಮಾತ್ರ ಈ ಬಿಸಿ ವಿಧಾನ ಬೇಡ. ಫೆನೋಫೈಬ್ರೇಟ್ ಥರದ್ದು ಕೈಯಲ್ಲಿದ್ದರೆ ಗ್ಲಿಸರಿಲ್ ಬೆಹೆನೇಟನ್ನು ಧೈರ್ಯವಾಗಿ ತರಿಸಿಕೊಳ್ಳಿ.